ಗುಜರಿಯಿಂದ ಎದ್ದು ಬಂದ ಉಗಿಬಂಡಿ: ಲಾಸ್ ಗ್ಯಾಟೋಸ್‌ನ ಬಿಲ್ಲಿ ಜೋನ್ಸ್

ಸೌತ್ ಬೇ ಕಡೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಲಾಸ್ ಗ್ಯಾಟೋಸ್‌ನ ಓಕ್ ಮೆಡೋ ಪಾರ್ಕಿನ ಪುಟಾಣಿ ರೈಲು ಹತ್ತದ ಮಗುವಿದ್ದರೆ ಅದು ಇನ್ನೂ ತೊಟ್ಟಿಲಲ್ಲೇ ಇರಬೇಕು! ಹುಟ್ಟುಹಬ್ಬದ ಪಾರ್ಟಿಗೆ, ವಸೋನಾ ಕೆರೆಯ ಪಿಕ್‌ನಿಕ್ಕಿಗೆ, ಊರಿಂದ ಬಂದ ಅಜ್ಜ ಅಜ್ಜಿಯರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕಲ್ಲ ಅನ್ನಿಸಿದಾಗ, ನಾವೆಲ್ಲ ಹೋಗುವ ಜಾಗ ಅದು. ಅಜ್ಜಂದಿರು ಅದನ್ನು ನೋಡಿ ಕಬ್ಬನ್ ಪಾರ್ಕಿನ ಬಾಲಭವನದ ರೈಲನ್ನು ನೆನೆಯುತ್ತಾರೆ. ಮೊಮ್ಮಕ್ಕಳು ಇನ್ನೊಂದು ಸುತ್ತು ಹೋಗೋಣ ಎಂದು ಹಟ ಹಿಡಿಯುತ್ತಾರೆ. ಟಿಕೆಟ್ ಕೊಂಡು, ಫೋಟೋ ತೆಗೆದು, ಚಿತ್ರಾನ್ನದ ಡಬ್ಬ ಬಿಚ್ಚಿದರೆ ಮುಗಿಯಿತು.

ನಿಲ್ದಾಣದ ಮೇಲೆ ಬರೆದ ಹೆಸರನ್ನು ಮಾತ್ರ ನಾವು ಹೆಚ್ಚಿನವರು ಓದಿ ಮುಂದೆ ಹೋಗಿದ್ದೇವೆ: ಬಿಲ್ಲಿ ಜೋನ್ಸ್ ವೈಲ್ಡ್‌ಕ್ಯಾಟ್ ರೈಲ್‌ರೋಡ್. ಲಾಸ್ ಗ್ಯಾಟೋಸ್ ಎಂದರೆ ಸ್ಪ್ಯಾನಿಷ್‌ನಲ್ಲಿ ಬೆಕ್ಕುಗಳು, ಹಾಗಾಗಿ ರೈಲಿನ ಹೆಸರಿನಲ್ಲಿ ಕಾಡುಬೆಕ್ಕು ಬಂದದ್ದು ಅರ್ಥವಾಗುತ್ತದೆ. ಆದರೆ ಈ ಬಿಲ್ಲಿ ಜೋನ್ಸ್ ಯಾರು? ಪಾರ್ಕಿಗೆ ದುಡ್ಡು ಕೊಟ್ಟ ಶ್ರೀಮಂತರೋ, ಊರಿನ ಮೇಯರೋ ಇರಬೇಕು ಎಂದುಕೊಂಡವರೇ ಹೆಚ್ಚು. ಎರಡೂ ಅಲ್ಲ. ಅವರು ಒಬ್ಬ ಇಂಜಿನ್ ಡ್ರೈವರ್. ತೀರಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚಾಯಿತು. ಈ ಸಲ ಅವರ ಕಥೆಯನ್ನು ನಮ್ಮ ಓದುಗರ ಮುಂದೆ ಇಡುತ್ತಿದ್ದೇವೆ.

ವಿಲಿಯಂ ಜೋನ್ಸ್, ಎಲ್ಲರ ಬಾಯಲ್ಲಿ ಬಿಲ್ಲಿ, ಹುಟ್ಟಿದ್ದು 1884ರಲ್ಲಿ. ಸಾಂಟಾ ಕ್ರೂಜ್ ಬೆಟ್ಟಗಳ ಸೀಮೆಯವರು. ಅವರು ಹುಟ್ಟುವ ನಾಲ್ಕೇ ವರ್ಷ ಮೊದಲು, 1880ರಲ್ಲಿ, ಆ ಬೆಟ್ಟಗಳನ್ನು ಕೊರೆದು ಸಾಂಟಾ ಕ್ರೂಜ್‌ವರೆಗೆ ಮೂರು ಅಡಿ ಅಗಲದ ನ್ಯಾರೋ ಗೇಜ್ ರೈಲು ಬಂದಿತ್ತು. ಸೌತ್ ಪೆಸಿಫಿಕ್ ಕೋಸ್ಟ್ ಎಂಬುದು ಆ ಕಂಪನಿಯ ಹೆಸರು. ಇಂದು ನಾವು ಬೀಚಿಗೆ ಹೋಗುವಾಗ ಹೈವೇ 17ರ ತಿರುವುಗಳಲ್ಲಿ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವಲ್ಲ, ಅದೇ ಬೆಟ್ಟ. ಆಗ ಅಲ್ಲಿ ಸುರಂಗದ ಮೇಲೆ ಸುರಂಗ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಒಂದು ಮೈಲಿಗೂ ಹೆಚ್ಚು. ಸೌದಿ, ಮರ, ಹಣ್ಣು, ಸಮುದ್ರ ನೋಡಲು ಹೊರಟ ಜನ, ಎಲ್ಲವೂ ಅದರಲ್ಲೇ. 1887ರಲ್ಲಿ ದೊಡ್ಡ ಸದರ್ನ್ ಪೆಸಿಫಿಕ್ ಕಂಪನಿ ಈ ಲೈನನ್ನು ಗುತ್ತಿಗೆಗೆ ಪಡೆಯಿತು. 1906ರ ಭೂಕಂಪದಲ್ಲಿ ಸುರಂಗಗಳು ಕುಸಿದ ಮೇಲೆ ರಿಪೇರಿಯ ಜೊತೆಗೆ ಹಳಿಯನ್ನೂ ಅಗಲ ಮಾಡಿದರು. ನಮ್ಮ ಕಡೆ ಯಲಹಂಕ-ಚಿಕ್ಕಬಳ್ಳಾಪುರದ, ಬಂಗಾರಪೇಟೆ-ಕೋಲಾರದ ಸಣ್ಣ ರೈಲುಗಳ ಕಥೆ ಕೇಳಿ ಬೆಳೆದವರಿಗೆ ಇದೆಲ್ಲ ಹೊಸದೇನಲ್ಲ.

ಬಿಲ್ಲಿ ಹುಡುಗನಾಗಿದ್ದಾಗಲೇ ರೈಲಿನ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಇಂಜಿನ್ ಡ್ರೈವರ್ ಆಗಲು ಯಾವ ಕಾಲೇಜೂ ಇರಲಿಲ್ಲ. ಮೊದಲು ಶೆಡ್ಡಿನಲ್ಲಿ ಬೂದಿ ಎತ್ತುವುದು, ಇಂಜಿನ್ ಒರೆಸುವುದು. ಆಮೇಲೆ ಫೈರ್‌ಮನ್ ಆಗಿ ಬೆಂಕಿ ನೋಡಿಕೊಳ್ಳುವುದು. ವರ್ಷಗಟ್ಟಲೆ ಬೆವರು ಸುರಿಸಿದ ಮೇಲೆ ಬಲಗಡೆಯ ಸೀಟು. ಹೀಗೆ ಮೇಲೆ ಬಂದವರಿಗೆ ಇಂಜಿನ್ನಿನ ಒಂದೊಂದು ಸದ್ದೂ ಗೊತ್ತು. ತಾಯಿಗೆ ಮಗುವಿನ ಅಳುವಿನಲ್ಲೇ ಹಸಿವು ಯಾವುದು, ಹೊಟ್ಟೆನೋವು ಯಾವುದು ಎಂದು ತಿಳಿಯುವ ಹಾಗೆ. ಮುಂದೆ ಜೋನ್ಸ್ ಮಾಡಿದ ಕೆಲಸಕ್ಕೆ ಈ ಅಡಿಪಾಯವೇ ಕಾರಣ ಎಂದು ನಮಗೆ ಅನ್ನಿಸುತ್ತದೆ.

ಮದುವೆ, ಮಕ್ಕಳು, ಲಾಸ್ ಗ್ಯಾಟೋಸ್‌ನ ಹೊರವಲಯದಲ್ಲಿ ಪ್ರೂನ್ ಹಣ್ಣಿನ ತೋಟ. ಇವತ್ತಿನ ಡೇವ್ಸ್ ಅವೆನ್ಯೂ ಹತ್ತಿರ ಆ ತೋಟ ಇತ್ತು. ಕಣಿವೆಗೆ ಸಿಲಿಕಾನ್ ಹೆಸರು ಬರುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಕೂಪರ್ಟಿನೋ, ಸಾರಟೋಗಾ, ಕ್ಯಾಂಬೆಲ್ ಎಲ್ಲ ಕಡೆ ಪ್ರೂನ್, ಏಪ್ರಿಕಾಟ್, ಚೆರ್ರಿ. ಈಗ ನಾವು ಟ್ರಾಫಿಕ್ಕಿನಲ್ಲಿ ನಿಲ್ಲುವ ಕಡೆ ಆಗ ವಸಂತದಲ್ಲಿ ಬಿಳಿ ಹೂವು ತುಂಬಿರುತ್ತಿತ್ತಂತೆ.

ಇನ್ನು 1939ಕ್ಕೆ ಬರೋಣ. ಜೋನ್ಸ್‌ಗೆ ಆಗ ಐವತ್ತೈದರ ಹತ್ತಿರ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಗುಜರಿ ಅಂಗಳದಲ್ಲಿ, ತುಕ್ಕು ಹಿಡಿದ ಕಬ್ಬಿಣದ ರಾಶಿಯ ನಡುವೆ, ಅವರ ಕಣ್ಣಿಗೆ ಒಂದು ಪುಟ್ಟ ಉಗಿ ಇಂಜಿನ್ ಬಿತ್ತು. ಆಟಿಕೆ ಅಲ್ಲ. ಹಳಿಯ ಅಗಲ 18 ಇಂಚು. ಅಂದರೆ ಇಲ್ಲಿಯ ದೊಡ್ಡ ರೈಲಿನ ಹಳಿ 4 ಅಡಿ 8½ ಇಂಚು ಇರುವಾಗ ಹೆಚ್ಚುಕಡಿಮೆ ಅದರ ಮೂರನೇ ಒಂದು. ಬೆಂಕಿ ಹಾಕಿದರೆ ಉಗಿ ಬರುವ, ಉಗಿ ಬಂದರೆ ಜನರನ್ನು ಎಳೆಯುವ ನಿಜವಾದ ಇಂಜಿನ್. ಆ ದಿನಗಳಲ್ಲಿ ಅಮೆರಿಕದ ಹಳೆ ಕಬ್ಬಿಣ ಹಡಗುಗಟ್ಟಲೆ ಜಪಾನಿಗೆ ಹೋಗುತ್ತಿತ್ತು. 1940ರಲ್ಲಿ ಸರ್ಕಾರ ತಡೆಯುವವರೆಗೂ ಆ ವ್ಯಾಪಾರ ಜೋರಾಗಿತ್ತು. ಈ ಇಂಜಿನ್ನೂ ಅದೇ ದಾರಿ ಹಿಡಿದಿತ್ತು ಎಂದು ಹೇಳುತ್ತಾರೆ. ಜೋನ್ಸ್ ಅದನ್ನು ಕೊಂಡು ತೋಟಕ್ಕೆ ತಂದರು.

ಆ ಇಂಜಿನ್ನಿಗೂ ಒಂದು ಪೂರ್ವಜನ್ಮವಿತ್ತು. 1905ರಲ್ಲಿ ಲಾಸ್ ಏಂಜಲೀಸ್‌ನ ಜಾನ್ಸನ್ ಮಷೀನ್ ವರ್ಕ್ಸ್‌ನಲ್ಲಿ ತಯಾರಾದದ್ದು. ಆಬಟ್ ಕಿನ್ನಿ ಎಂಬ ಸಾಹಸಿಗ ಸಮುದ್ರದ ದಂಡೆಯಲ್ಲಿ ಕಾಲುವೆಗಳನ್ನು ತೋಡಿಸಿ ಇಟಲಿಯ ವೆನಿಸ್‌ನ ಹೆಸರಿನಲ್ಲೇ ಒಂದು ಊರು ಕಟ್ಟಿದ್ದರು. ಆ ಊರಿನ ಪುಟಾಣಿ ರೈಲಿಗಾಗಿ ಜಾನ್ ಕಾಯಿಟ್ ಎಂಬುವರು ಮಾಡಿಸಿದ ಇಂಜಿನ್ ಇದು. ಸಂಖ್ಯೆ 2. ರೈಲಿನವರ ಆಡುಮಾತಿನಲ್ಲಿ ಟೂ ಸ್ಪಾಟ್. 1920ರ ದಶಕದಲ್ಲಿ ಕಾರುಗಳು ಬಂದವು, ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು, ಪುಟಾಣಿ ರೈಲು ಯಾರಿಗೂ ಬೇಡವಾಯಿತು. ಅಲ್ಲಿಂದ ಗುಜರಿಗೆ ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಗುಜರಿಯಿಂದ ಇಂಜಿನ್ ತರುವುದು ಸುಲಭ, ಅದಕ್ಕೆ ಜೀವ ಕೊಡುವುದು ಸುಲಭವಲ್ಲ. ನಮ್ಮಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ, ಆದರೂ ಹೆಚ್ಚಿನವರ ಕೆಲಸ ಕೀಬೋರ್ಡಿನಲ್ಲೇ ಮುಗಿಯುತ್ತದೆ. ಹಾಗಾಗಿ ಇಂಥ ಕೆಲಸದಲ್ಲಿ ಏನೇನಿದೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲು ಬಾಯ್ಲರ್. ನೀರು ಉಗಿಯಾದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೀಗೆ ಹಿಗ್ಗಬೇಕಾದದ್ದನ್ನು ಕಬ್ಬಿಣದ ಹೊಟ್ಟೆಯೊಳಗೆ ಕಟ್ಟಿಹಾಕುವುದೇ ಬಾಯ್ಲರಿನ ಕೆಲಸ. ಹಳೆಯ ಬಾಯ್ಲರಿನಲ್ಲಿ ತಗಡು ಒಳಗಿನಿಂದ ತುಕ್ಕು ತಿಂದಿರುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಕಾಣಬಹುದು. ಬೆಂಕಿಯ ಬಿಸಿಗಾಳಿ ಹಾಯುವ ಕೊಳವೆಗಳನ್ನು ಒಂದೊಂದಾಗಿ ಕಿತ್ತು ಹೊಸದು ಹಾಕಿ, ಎರಡು ತುದಿಯನ್ನೂ ಹಿಗ್ಗಿಸಿ ಸೋರದ ಹಾಗೆ ಕೂರಿಸಬೇಕು. ಆಮೇಲೆ ಪರೀಕ್ಷೆ. ಅದನ್ನು ತಣ್ಣೀರು ತುಂಬಿ, ಓಡಿಸುವ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು ಮಾಡುತ್ತಾರೆ, ಉಗಿಯಿಂದಲ್ಲ. ನೀರು ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ ಎಲ್ಲಾದರೂ ಬಿರುಕಿದ್ದರೆ ಸೋರಿ ಸುಮ್ಮನಾಗುತ್ತದೆ. ಅದೇ ಬಿರುಕು ಉಗಿಯಲ್ಲಿ ತೆರೆದುಕೊಂಡರೆ ಹತ್ತಿರವಿದ್ದವರು ಉಳಿಯುವುದಿಲ್ಲ. ಮನೆಯ ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿದ್ದನ್ನು ಕಂಡವರು ಅದನ್ನು ನೂರಾರು ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಬಹುದು.

ಆಮೇಲೆ ಚಕ್ರಗಳು. ಇಂಜಿನ್ನಿನ ಎರಡು ಪಕ್ಕದಲ್ಲೂ ಒಂದೊಂದು ಸಿಲಿಂಡರ್. ಎರಡೂ ಒಂದೇ ತಾಳದಲ್ಲಿ ತಳ್ಳಿದರೆ ಒಂದು ಜಾಗದಲ್ಲಿ ಎರಡು ಪಿಸ್ಟನ್ನೂ ತುದಿಗೆ ಬಂದು ಇಂಜಿನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಒಂದು ಪಕ್ಕದ ಕ್ರ್ಯಾಂಕ್ ಇನ್ನೊಂದಕ್ಕಿಂತ ಸರಿಯಾಗಿ ಕಾಲು ಸುತ್ತು ಮುಂದಿರಬೇಕು. ಆಗ ಒಂದು ಪಕ್ಕ ಸುಸ್ತಾದಾಗ ಇನ್ನೊಂದು ಪಕ್ಕ ತಳ್ಳುತ್ತಿರುತ್ತದೆ. ಎಲ್ಲ ಜೋಡಿ ಚಕ್ರಗಳಲ್ಲೂ ಈ ಕಾಲು ಸುತ್ತು ಕೂದಲೆಳೆಯಷ್ಟೂ ತಪ್ಪಬಾರದು. ತಪ್ಪಿದರೆ ಚಕ್ರಗಳನ್ನು ಜೋಡಿಸುವ ಸಲಾಕೆಗಳು ಒಂದರೊಡನೊಂದು ಜಗಳಕ್ಕೆ ನಿಲ್ಲುತ್ತವೆ. ಉಗಿ ಇಂಜಿನ್ನಿನ ಛುಕ್ ಛುಕ್ ಲಯ ಹುಟ್ಟುವುದು ಇದರಿಂದಲೇ: ಚಕ್ರದ ಒಂದು ಸುತ್ತಿಗೆ ನಾಲ್ಕು ಛುಕ್. ವಾಲ್ವ್ ಸರಿಯಾಗಿ ಕೂತಿಲ್ಲ ಎಂದರೆ ಆ ನಾಲ್ಕರಲ್ಲಿ ಒಂದು ಕುಂಟುತ್ತದೆ. ಆದಿತಾಳದಲ್ಲಿ ಒಂದು ಪೆಟ್ಟು ತಪ್ಪಿದರೆ ಮೃದಂಗ ಕೇಳಿದವರಿಗೆ ಗೊತ್ತಾಗುವ ಹಾಗೆ, ಹಳೆಯ ಡ್ರೈವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ.

ಕಾಣೆಯಾದ ಬಿಡಿಭಾಗಗಳದ್ದು ಬೇರೆ ಪುರಾಣ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದವರಿಗೆ ಬೇಕಾದ ಸ್ಕ್ರೂ ಒಂದಲ್ಲ ಒಂದು ಅಂಗಡಿಯಲ್ಲಿ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯವಿರುತ್ತದೆ. ಆದರೆ 1905ರಲ್ಲಿ ಎಣಿಸುವಷ್ಟು ಮಾತ್ರ ತಯಾರಾದ ಇಂಜಿನ್ನಿಗೆ ಬಿಡಿಭಾಗ ಎಲ್ಲಿಂದ ತರುವುದು? ಮಾಡಿಕೊಳ್ಳಬೇಕು. ಮೊದಲು ಮರದಲ್ಲಿ ಆ ಭಾಗದ ಅಚ್ಚು ಕೆತ್ತಬೇಕು. ಅದೂ ಇರಬೇಕಾದ ಅಳತೆಗಿಂತ ತುಸು ದೊಡ್ಡದಾಗಿ, ಏಕೆಂದರೆ ಎರಕದ ಕಬ್ಬಿಣ ಆರುವಾಗ ಅಡಿಗೆ ಇಂಚಿನ ಎಂಟನೇ ಒಂದು ಭಾಗದಷ್ಟು ಕುಗ್ಗುತ್ತದೆ. ಅಚ್ಚನ್ನು ಮರಳಲ್ಲಿ ಒತ್ತಿ, ತೆಗೆದು, ಆ ಗುಳಿಗೆ ಕರಗಿದ ಲೋಹ ಹುಯ್ಯಬೇಕು. ಆರಿದ ಮೇಲೆ ಲೇತಿಗೆ ಹಾಕಿ ನುಣ್ಣಗೆ ಮಾಡಬೇಕು. ನಮ್ಮೂರಿನ ಕಂಚುಗಾರರು ಗಂಟೆ, ಕೊಳಗ ಎರಕ ಹುಯ್ಯುವುದನ್ನು ನೋಡಿದವರಿಗೆ ಇದರ ಅರ್ಧ ಗೊತ್ತಿದೆ.

ಇನ್ನೊಂದು ಸ್ವಾರಸ್ಯ. ಇಂಜಿನ್ನನ್ನು ಮೂರನೇ ಒಂದಕ್ಕೆ ಇಳಿಸಿದರೆ ಎಲ್ಲವೂ ಮೂರನೇ ಒಂದಾಗುವುದಿಲ್ಲ. ಉದ್ದ ಮೂರನೇ ಒಂದು, ಬೆಂಕಿ ತಾಗುವ ಮೈ ಒಂಬತ್ತನೇ ಒಂದು, ತೂಕ ಇಪ್ಪತ್ತೇಳನೇ ಒಂದು! ನೀರು ಮಾತ್ರ ದೊಡ್ಡ ಇಂಜಿನ್ನಿನಲ್ಲಿ ಕುದಿಯುವ ಹಾಗೆಯೇ ಇಲ್ಲೂ ಕುದಿಯಬೇಕು, ಬೆಂಕಿಗೆ ಬೇಕಾದ ಗಾಳಿಗೆ ಮಾದರಿ ಎಂದರೇನು ಎಂದು ಗೊತ್ತಿಲ್ಲ. ಕೊಳವೆಗಳನ್ನು ಅಳತೆಗೆ ಸರಿಯಾಗಿ ಸಣ್ಣ ಮಾಡುತ್ತಾ ಹೋದರೆ ಮಸಿ ಕಟ್ಟಿ ಉಸಿರುಗಟ್ಟುತ್ತದೆ. ಅದಕ್ಕೆ ಕೊಳವೆಗಳ ಸಂಖ್ಯೆ ಇಳಿಸಿ ಗಾತ್ರ ಹಿಗ್ಗಿಸುತ್ತಾರೆ. ನೋಡಲು ದೊಡ್ಡ ಇಂಜಿನ್ನಿನ ಪಡಿಯಚ್ಚು, ಹೊಟ್ಟೆಯೊಳಗೆ ಬೇರೆಯದೇ ಲೆಕ್ಕ. ಇನ್ನು ಡ್ರೈವರ್ ಅಂತೂ ಮೂರನೇ ಒಂದಕ್ಕೆ ಇಳಿಯುವುದಿಲ್ಲ ನೋಡಿ. ಹಾಗಾಗಿಯೇ ಪುಟಾಣಿ ಇಂಜಿನ್ನಿನ ಡ್ರೈವರು ಮಂಡಿ ಮಡಚಿಕೊಂಡು ಕೂತಿರುವುದು.

ಹೀಗೆ ಬಿಡುವಿನ ವೇಳೆಯಲ್ಲಿ ಜೋನ್ಸ್ ತಮ್ಮ ಟೂ ಸ್ಪಾಟಿಗೆ ಮತ್ತೆ ಜೀವ ಕೊಟ್ಟರು. ಪ್ರೂನ್ ಮರಗಳ ನಡುವೆ ಹಳಿ ಹಾಕಿದರು. ಹಗಲು ಕಂಪನಿಯ ದೊಡ್ಡ ಇಂಜಿನ್, ರಜೆಯಲ್ಲಿ ತನ್ನ ಸಣ್ಣ ಇಂಜಿನ್. ಇದೇ ಹೊತ್ತಿಗೆ ಅವರು ಬಾಲ್ಯದಿಂದ ಬಲ್ಲ ಬೆಟ್ಟದ ರೈಲುದಾರಿ ಕಣ್ಣೆದುರೇ ಇಲ್ಲವಾಯಿತು. 1940ರ ಫೆಬ್ರವರಿಯ ಮಳೆಗೆ ಗುಡ್ಡ ಜರಿದು ಹಳಿ ಮುಚ್ಚಿತು. ಕಂಪನಿ ಮತ್ತೆ ರಿಪೇರಿ ಮಾಡಲಿಲ್ಲ. 1942ರಲ್ಲಿ ಸುರಂಗಗಳ ಬಾಯಿ ಸಿಡಿಸಿ ಮುಚ್ಚಿದರು. ದೊಡ್ಡ ರೈಲು ಬೆಟ್ಟದಿಂದ ಹೋದ ಕಾಲಕ್ಕೇ ಸಣ್ಣ ರೈಲು ತೋಟಕ್ಕೆ ಬಂತು.

ತೋಟದ ರೈಲನ್ನು ಜೋನ್ಸ್ ಯಾರಿಗಾಗಿ ಕಟ್ಟುತ್ತಿದ್ದರು? ತಮ್ಮ ಗಂಡುಮಕ್ಕಳಿಗಾಗಿ. ತಂದೆಯಾದವನಿಗೆ ತನ್ನ ಕಸುಬಿನ ರುಚಿಯನ್ನು ಮಕ್ಕಳ ಕೈಗೆ ಹಾಕುವ ಆಸೆ ಇರುತ್ತದಲ್ಲ. ಆದರೆ ಎರಡನೇ ಮಹಾಯುದ್ಧ ಬಂತು. ಇಬ್ಬರು ಗಂಡುಮಕ್ಕಳನ್ನೂ ಅದು ತೆಗೆದುಕೊಂಡಿತು.

ಇದರ ಬಗ್ಗೆ ಹೆಚ್ಚು ಬರೆಯಲು ನಮಗೆ ಮನಸ್ಸಿಲ್ಲ. ಅಂಥ ಮನೆಯಲ್ಲಿ ಹಿತ್ತಲಿನ ಇಂಜಿನ್ ಕಣ್ಣಿಗೆ ಬಿದ್ದಾಗಲೆಲ್ಲ ಏನಾಗಿರಬೇಕು ಎಂಬುದನ್ನು ತಂದೆತಾಯಿಯರು ಊಹಿಸಿಕೊಳ್ಳಬಲ್ಲರು. ಇಂಜಿನ್ನನ್ನು ಬಂದಷ್ಟಕ್ಕೆ ಮಾರಿ ಕೈತೊಳೆದುಕೊಂಡಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಶೆಡ್ಡಿಗೆ ಬೀಗ ಹಾಕಿದ್ದರೂ ಅಷ್ಟೇ. ಜೋನ್ಸ್ ಎರಡನ್ನೂ ಮಾಡಲಿಲ್ಲ. ಬೆಂಕಿ ಹಾಕಿದರು. ಅಕ್ಕಪಕ್ಕದ ಮಕ್ಕಳನ್ನು ಕರೆದು ಕೂರಿಸಿಕೊಂಡರು. ಭಾನುವಾರ ಬಂತೆಂದರೆ ಜೋನ್ಸ್ ತೋಟದಲ್ಲಿ ರೈಲು. ಟಿಕೆಟ್ ಇಲ್ಲ. ಮೊದಮೊದಲು ಪಕ್ಕದ ಮನೆಯವರು, ಆಮೇಲೆ ಊರಿನವರು, ಆಮೇಲೆ ಎಲ್ಲೆಲ್ಲಿಂದಲೋ ಬಂದವರು. ಬಟ್ಟೆಯ ಟೋಪಿ, ಕುತ್ತಿಗೆಗೆ ಕರವಸ್ತ್ರ, ಓವರಾಲ್ ಹಾಕಿಕೊಂಡು ಕೂತ ಮುದುಕನ ಹಿಂದೆ ಬೋಗಿಗಳ ತುಂಬ ಮಕ್ಕಳ ಗಲಾಟೆ. ಹೀಗೆ ಒಂದೆರಡು ವರ್ಷವಲ್ಲ, ಎರಡು ದಶಕಕ್ಕೂ ಹೆಚ್ಚು ನಡೆಯಿತು. ಮೊದಲು ಕೂತ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತರುವಷ್ಟು ಕಾಲ.

ಈ ಮಧ್ಯೆ ಹೊರಗಿನ ಜಗತ್ತಿನಲ್ಲಿ ಉಗಿ ಇಂಜಿನ್ನಿನ ಕಾಲ ಮುಗಿಯುತ್ತಿತ್ತು. ಸ್ಯಾನ್ ಹೋಸೆ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ, ಇಂದಿನ ಕ್ಯಾಲ್‌ಟ್ರೇನ್ ದಾರಿಯಲ್ಲಿ, ಸದರ್ನ್ ಪೆಸಿಫಿಕ್ ಕಂಪನಿ 1957ರಲ್ಲಿ ಉಗಿ ನಿಲ್ಲಿಸಿ ಡೀಸೆಲ್ಲಿಗೆ ಹೋಯಿತು. 1959ರಲ್ಲಿ ಲಾಸ್ ಗ್ಯಾಟೋಸ್‌ಗೆ ಪ್ರಯಾಣಿಕರ ರೈಲೇ ನಿಂತಿತು. ಅಂದರೆ ಊರಿಗೆ ಉಳಿದ ಒಂದೇ ರೈಲು, ಜೋನ್ಸ್ ಅವರ ಭಾನುವಾರದ ರೈಲು!

ವಾಲ್ಟ್ ಡಿಸ್ನಿ ಅವರ ಹೆಸರು ಈ ಕಥೆಯಲ್ಲಿ ಬರುತ್ತದೆಂದರೆ ನಮ್ಮ ಮಕ್ಕಳಿಗೆ ಖುಷಿಯಾಗಬಹುದು. ಡಿಸ್ನಿ ಮಹಾ ರೈಲು ಹುಚ್ಚಿನವರು. ಲಾಸ್ ಏಂಜಲೀಸ್‌ನ ತಮ್ಮ ಮನೆಯ ಹಿತ್ತಲಲ್ಲಿ 1950ರಲ್ಲಿ 7¼ ಇಂಚಿನ ಹಳಿ ಹಾಕಿಸಿ ಉಗಿ ಇಂಜಿನ್ ಓಡಿಸಿದರು. ನಿಜವಾದ ಇಂಜಿನ್ನಿನ ಎಂಟನೇ ಒಂದು ಅಳತೆ. ಸ್ಟುಡಿಯೋದ ಮಷೀನ್ ಶಾಪಿನಲ್ಲಿ ಕೆಲವು ಭಾಗಗಳಿಗೆ ತಾವೇ ಕೈ ಹಚ್ಚಿದ್ದರು. ಹೆಂಡತಿ ಲಿಲಿಯನ್ ಹೆಸರಿನಿಂದ ಇಂಜಿನ್ನಿಗೆ ಲಿಲ್ಲಿ ಬೆಲ್ ಎಂದು ಹೆಸರಿಟ್ಟರು (ಹಿತ್ತಲಿನ ತುಂಬ ಹಳಿ ಹಾಕಿಸಿಕೊಂಡ ಗೃಹಿಣಿಗೆ ಅಷ್ಟಾದರೂ ಸಲ್ಲಬೇಕಲ್ಲ). ಸ್ವಂತ ರೈಲು ಇಟ್ಟುಕೊಂಡವರ ಬಳಗ ಸಣ್ಣದು. ಜೋನ್ಸ್ ಮತ್ತು ಡಿಸ್ನಿ ಸ್ನೇಹಿತರಾದರು. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿನ ರೈಲಿನ ಇಂಜಿನ್ ಹತ್ತಲು ಲಾಸ್ ಗ್ಯಾಟೋಸ್‌ನ ಈ ಡ್ರೈವರಿಗೂ ಕರೆ ಹೋಗಿತ್ತು. ಅಂದಹಾಗೆ ಆ ಪಾರ್ಕಿನ ಮೊದಲ ಎರಡು ಇಂಜಿನ್‌ಗಳೂ ಅಂಗಡಿಯಿಂದ ತಂದವಲ್ಲ, ಡಿಸ್ನಿ ಸ್ಟುಡಿಯೋದಲ್ಲೇ ಕಟ್ಟಿದವು.

ಜೋನ್ಸ್ ಬಗ್ಗೆ ಹೇಳುವಾಗ ಓಕ್‌ಲ್ಯಾಂಡಿನ ಲೂಯಿ ಮ್ಯಾಕ್‌ಡರ್ಮಟ್ ಅವರನ್ನು ಬಿಟ್ಟರೆ ಅನ್ಯಾಯವಾದೀತು. ಜೋನ್ಸ್ ಹಳೆಯದನ್ನು ಎತ್ತಿ ನಿಲ್ಲಿಸಿದವರು, ಮ್ಯಾಕ್‌ಡರ್ಮಟ್ ಬರಿಗೈಯಿಂದ ಹೊಸದು ಕಟ್ಟಿದವರು. ಶ್ರೀಮಂತ ಮನೆತನದ ಮಗ. ಬೇರೆ ಶ್ರೀಮಂತರ ಮಕ್ಕಳು ಕುದುರೆ, ದೋಣಿ ಎನ್ನುತ್ತಿದ್ದಾಗ ಇವರು ತಮ್ಮ ಮನೆತನದ ಆವರಣದಲ್ಲೇ ಇಂಜಿನ್ ಕಾರ್ಖಾನೆ ನಡೆಸಿದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪನಾಮಾ ಕಾಲುವೆಯ ಸಂಭ್ರಮಕ್ಕಾಗಿ ಭಾರಿ ವಸ್ತುಪ್ರದರ್ಶನ ನಡೆಯಿತು. ಇಂದು ನಾವು ನೆಂಟರನ್ನು ನಿಲ್ಲಿಸಿ ಫೋಟೋ ತೆಗೆಯುವ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್ ಅದರದ್ದೇ ಉಳಿಕೆ. ಆ ಪ್ರದರ್ಶನದಲ್ಲಿ ಕೊಲ್ಲಿಯ ದಂಡೆಯುದ್ದಕ್ಕೂ ಜನರನ್ನು ಒಯ್ಯಲು ಮ್ಯಾಕ್‌ಡರ್ಮಟ್ 19 ಇಂಚಿನ ಹಳಿಯ ಓವರ್‌ಫೇರ್ ರೈಲ್ವೆ ಹಾಕಿದರು. ದೊಡ್ಡ ಪೆಸಿಫಿಕ್ ಮಾದರಿಯ ಇಂಜಿನ್‌ಗಳ ಮೂರನೇ ಒಂದು ಅಳತೆ, ರಿವೆಟ್ಟಿಗೆ ರಿವೆಟ್ ಸರಿಹೊಂದುವ ಹಾಗೆ. ಆ ಇಂಜಿನ್‌ಗಳ ಚಿತ್ರ ನೋಡಿದರೆ ಇವು ಮಾದರಿಗಳು ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ಮನುಷ್ಯ ನಿಂತಿರಬೇಕು!

ಆದರೆ ಜನ ಎಣಿಸಿದಷ್ಟು ಹತ್ತಲಿಲ್ಲ. ಹಾಕಿದ ಹಣ ಮರಳಲಿಲ್ಲ. ಪ್ರದರ್ಶನ ಡಿಸೆಂಬರಿನಲ್ಲಿ ಮುಗಿದ ಮೇಲೆ ಇಂಜಿನ್‌ಗಳು ಓಕ್‌ಲ್ಯಾಂಡಿಗೆ ಮರಳಿ ಹೆಚ್ಚಿನ ಕಾಲ ಶೆಡ್ಡಿನಲ್ಲೇ ಕಳೆದವು. ಮ್ಯಾಕ್‌ಡರ್ಮಟ್ 1948ರಲ್ಲಿ ತೀರಿಕೊಂಡರು. ಕೈಯ ಕಸುಬು ನೋಡಿದರೆ ಇಬ್ಬರಲ್ಲಿ ಮ್ಯಾಕ್‌ಡರ್ಮಟ್ ಅವರೇ ದೊಡ್ಡವರು, ಇದರಲ್ಲಿ ನಮಗೆ ಸಂಶಯವಿಲ್ಲ. ಅವರ ದುರದೃಷ್ಟವೆಂದರೆ ಅವರ ರೈಲಿಗೆ ಒಂದೇ ವರ್ಷದ ಊರಿತ್ತು. ಜೋನ್ಸ್ ಅವರ ರೈಲಿಗೆ ಭಾನುವಾರ ತಪ್ಪದೆ ಬರುವ ಮಕ್ಕಳಿದ್ದರು. ಓವರ್‌ಫೇರ್‌ನ ಸಾಮಗ್ರಿ ಕೈ ಬದಲಾಯಿಸುತ್ತಾ ಜೋನ್ಸ್ ಅವರ ಹತ್ತಿರಕ್ಕೇ ಬಂತು. ಹಳೆಯ ಇಂಜಿನ್ನಿಗೆ ಕೊನೆಗೆ ಎಲ್ಲಿ ನೆಲೆ ಸಿಗುತ್ತದೆಂಬುದು ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತೆಂದು ಕಾಣುತ್ತದೆ.

1968ರ ಜನವರಿಯಲ್ಲಿ ಬಿಲ್ಲಿ ಜೋನ್ಸ್ ತೀರಿಕೊಂಡರು. 83 ವರ್ಷ. ಭಾನುವಾರದ ರೈಲು ನಿಂತಿತು. ಆ ವೇಳೆಗೆ ಕಣಿವೆಯಲ್ಲಿ ತೋಟಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದವು. ಜೋನ್ಸ್ ತೋಟದ ಜಾಗದಲ್ಲೂ ಮನೆಗಳೆದ್ದವು. ಟೂ ಸ್ಪಾಟ್ ಮತ್ತೊಮ್ಮೆ ದಿಕ್ಕಿಲ್ಲದೆ ನಿಂತಿತು. ವೆನಿಸ್‌ನಲ್ಲಿ ಹೀಗೇ ಆದಾಗ ಅದು ಗುಜರಿಗೆ ಹೋಗಿತ್ತು. ಈ ಸಲ ಹಾಗಾಗಲಿಲ್ಲ. ಊರಿನವರು ಸೇರಿ ಒಂದು ಲಾಭರಹಿತ ಸಂಸ್ಥೆ ಮಾಡಿಕೊಂಡರು, ಹಣ ಕೂಡಿಸಿದರು, ಇಂಜಿನ್ ಮತ್ತು ಬೋಗಿಗಳನ್ನು ಉಳಿಸಿಕೊಂಡರು. ಓಕ್ ಮೆಡೋ ಪಾರ್ಕಿನಲ್ಲಿ ಹಳಿ ಹಾಕಿ, ಲಾಸ್ ಗ್ಯಾಟೋಸ್ ಹೊಳೆಗೆ ಸೇತುವೆ ಕಟ್ಟಿ, ವಸೋನಾ ಪಾರ್ಕಿನವರೆಗೆ ಒಯ್ದರು. 1970ರ ಜುಲೈನಲ್ಲಿ ರೈಲು ಮತ್ತೆ ಹೊರಟಿತು. ಪಕ್ಕದಲ್ಲಿರುವ ಕುದುರೆಗಳ ತಿರುಗಣೆ ಸೇರಿದ್ದು ಆಮೇಲೆ, 1991ರಲ್ಲಿ. ಅದು 1910ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು. ಅದನ್ನೂ ಸ್ವಯಂಸೇವಕರೇ ಕೆರೆದು, ಬಣ್ಣ ಹಚ್ಚಿ, ಹೊಸದು ಮಾಡಿದರು. ಕನ್ನಡ ಸಂಘದ ನಾಟಕಕ್ಕೆ ಸ್ಟೇಜ್ ಕಟ್ಟಿ ಬಿಚ್ಚಿ ಬೆನ್ನು ನೋಯಿಸಿಕೊಂಡ ನಮ್ಮ ಕಾರ್ಯಕರ್ತರಿಗೆ ಈ ಸ್ವಯಂಸೇವೆಯ ಭಾರ ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾಕ್‌ಡರ್ಮಟ್ ಅವರ ಇಂಜಿನ್‌ಗಳ ಹಣೆಬರಹ ಬೇರೆ. ಆರ್ಚರ್ಡ್ ಸಪ್ಲೈ ಹಾರ್ಡ್‌ವೇರ್ ಅಂಗಡಿಗಳನ್ನು ಬೆಳೆಸಿದ ಆಲ್ ಸ್ಮಿತ್ ಅವುಗಳನ್ನು ಕೊಂಡು, 1979ರ ಸುಮಾರಿಗೆ ಡಾವೆನ್‌ಪೋರ್ಟ್ ಬಳಿಯ ತಮ್ಮ ಸ್ವಾಂಟನ್ ತೋಟದಲ್ಲಿ ಹಳಿ ಹಾಕಿದರು. (ನಮ್ಮಲ್ಲಿ ಹಳಬರು ಹೊಸ ಮನೆಗೆ ಮೊಳೆ, ನಲ್ಲಿ, ಬಾಗಿಲ ಹಿಡಿ ಕೊಂಡದ್ದು ಆ ಅಂಗಡಿಗಳಲ್ಲೇ. 2018ರಲ್ಲಿ ಅವೆಲ್ಲ ಬಾಗಿಲು ಹಾಕಿದವು.) ಸ್ಮಿತ್ 1993ರಲ್ಲಿ ತೀರಿಕೊಂಡಾಗ ತೋಟವೂ ರೈಲೂ ಅವರು ಓದಿದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯಕ್ಕೆ ಸೇರಿದವು. ವಿದ್ಯಾರ್ಥಿಗಳೂ ನಿವೃತ್ತರೂ ಸೇರಿ ಅವನ್ನು ಓಡಿಸುತ್ತಿದ್ದರು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಡ್ಗಿಚ್ಚು ಸಾಂಟಾ ಕ್ರೂಜ್ ಬೆಟ್ಟಗಳನ್ನು ಸುಟ್ಟಿತಲ್ಲ, ಬೇ ಏರಿಯಾದ ಆಕಾಶ ದಿನಗಟ್ಟಲೆ ಹೊಗೆಯಲ್ಲಿತ್ತಲ್ಲ, ಆ ಬೆಂಕಿ ಸ್ವಾಂಟನ್ ರೈಲಿನ ಕಟ್ಟಡಗಳನ್ನು, ಬೋಗಿಗಳನ್ನು, ಹಳಿಯ ದಿಮ್ಮಿಗಳನ್ನು ತಿಂದಿತು. ಇಂಜಿನ್‌ಗಳೂ ಆ ಬೆಂಕಿಯಲ್ಲಿ ನಿಂತವು. ಬೆಂಕಿಗಾಗಿಯೇ ಹುಟ್ಟಿದ ಯಂತ್ರಕ್ಕೂ ಹೊರಗಿನ ಬೆಂಕಿ ತಡೆಯಲಾಗದು. ಹೊಟ್ಟೆಯಲ್ಲಿ ನೀರಿಲ್ಲದಾಗ ಕಾದರೆ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ.

ಇಂಥ ಇಂಜಿನ್ ಕಟ್ಟುವ ಕೆಲಸ ನಮ್ಮ ಬೇ ಏರಿಯಾದಲ್ಲಿ ಈಗಲೂ ನಡೆಯುತ್ತದೆಯೇ ಎಂದು ಕೇಳುವವರಿಗೆ ಬರ್ಕ್‌ಲಿಯ ಬೆಟ್ಟದ ಮೇಲಿನ ಟಿಲ್ಡನ್ ಪಾರ್ಕ್ ತೋರಿಸುತ್ತೇವೆ. 1936ರಲ್ಲಿ ಓಕ್‌ಲ್ಯಾಂಡಿನಲ್ಲಿ ವಿಕ್ಟರ್ ಶಾಟಕ್ ಎಂಬುವರು ಗೋಲ್ಡನ್ ಗೇಟ್ ಲೈವ್ ಸ್ಟೀಮರ್ಸ್ ಎಂಬ ಕೂಟ ಶುರುಮಾಡಿದರು. ಅವರ ಮನೆಯ ನೆಲಮಾಳಿಗೆಯಲ್ಲಿ ಉಗಿ ರೈಲು ಓಡುತ್ತಿತ್ತು. ಆ ಕೂಟದವರು ಗ್ಯಾರೇಜುಗಳಲ್ಲಿ ಲೇತ್ ಇಟ್ಟುಕೊಂಡು, ತಾಮ್ರದ ತಗಡು ಬಗ್ಗಿಸಿ, ಎರಕ ಹುಯ್ದು, ವರ್ಷಗಟ್ಟಲೆ ಕೂತು ಸ್ವಂತ ಇಂಜಿನ್ ಕಟ್ಟುತ್ತಾ ಬಂದವರು. ಟಿಲ್ಡನ್‌ನಲ್ಲಿ ಅವರ ಹಳಿಗಳಿವೆ, ಭಾನುವಾರ ಜನರನ್ನು ಕೂರಿಸಿಕೊಳ್ಳುವುದೂ ಉಂಟು. ಅದರ ಪಕ್ಕದಲ್ಲೇ ಎರಿಕ್ ಥಾಮ್ಸನ್ 1952ರಲ್ಲಿ ಆರಂಭಿಸಿದ 15 ಇಂಚಿನ ಹಳಿಯ ಇನ್ನೊಂದು ಉಗಿ ರೈಲಿದೆ. ಎರಡನ್ನೂ ಒಂದೇ ದಿನ ನೋಡಬಹುದು. ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ನಿಂತ ಇಂಜಿನ್ ಹತ್ತಿ ಆಡಿದವರಿಗೆ ಓಡುವ ಇಂಜಿನ್ನಿನ ಎಣ್ಣೆ-ಹೊಗೆಯ ವಾಸನೆ ಬೇರೆಯೇ ಅನುಭವ.

ಓಕ್ ಮೆಡೋ ಪಾರ್ಕಿಗೆ ಹೋಗುವವರಿಗೆ ಒಂದು ಮಾತು. ಹೆಚ್ಚಿನ ದಿನ ರೈಲನ್ನು ಎಳೆಯುವುದು ಡೀಸೆಲ್ ಇಂಜಿನ್. ಟೂ ಸ್ಪಾಟ್‌ಗೆ ಈಗ 120 ದಾಟಿದೆ, ಅಜ್ಜಿಯನ್ನು ದಿನವೂ ದುಡಿಸುವುದು ತರವಲ್ಲ. ಉಗಿ ನೋಡಲೆಂದೇ ಹೋಗುವುದಾದರೆ ಮೊದಲೇ ರೈಲಿನವರನ್ನು ಕೇಳಿಕೊಳ್ಳಿ, ಇಲ್ಲವಾದರೆ ಮಕ್ಕಳಿಗೆ ನಿರಾಸೆಯಾದೀತು. ಉಗಿ ಇಂಜಿನ್ ಹೊರಟ ದಿನ ಸಿಕ್ಕಿದರೆ ಮುಂದಿನ ಬೋಗಿಯಲ್ಲೇ ಕೂರಿ. ಹೊಳೆಯ ಸೇತುವೆ ದಾಟುವಾಗ ಛುಕ್ ಎಷ್ಟು ಸಲ ಬರುತ್ತದೆಂದು ಮಕ್ಕಳಿಗೆ ಎಣಿಸಲು ಹೇಳಿ: ಒಂದು ಸುತ್ತಿಗೆ ನಾಲ್ಕು.